ಮಾತು ಕೇಳಿ ತೆಗೆದುಕೊಂಡೆ, ಕೆಲಸ ಕೈಕೊಟ್ಟಿತು

ಪ್ರಶ್ನೆ: ನಾನು ಹತ್ತು ಜನರ ತಂಡ ನೋಡಿಕೊಳ್ಳುತ್ತೇನೆ. ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವುದು ನಮ್ಮ ಕೆಲಸ. ಹೋದ ವರ್ಷ ಸಂದರ್ಶನದಲ್ಲಿ ತುಂಬಾ ಚೆನ್ನಾಗಿ ಮಾತಾಡಿದ ಒಬ್ಬರನ್ನು ತೆಗೆದುಕೊಂಡೆ. ಕೆಲಸ ಕೈ ಹತ್ತಲಿಲ್ಲ, ಆರೇ ತಿಂಗಳಿಗೆ ಬಿಟ್ಟುಹೋದರು. ಈಗ ಬಂದಿರುವ ಅರ್ಜಿಗಳೆಲ್ಲ ಎಐ ಬರೆದ ಹಾಗೆ ಒಂದೇ ಥರ ಇವೆ. ಹೇಗೆ ಆರಿಸಲಿ? ಇನ್ನೊಂದು, ತಂಡದ ಅರ್ಧ ಜನ ಮನೆಯಿಂದ ಕೆಲಸ ಮಾಡುತ್ತಾರೆ. ವರ್ಷದ ಕೊನೆಗೆ ಅವರಿಗೆ ಅಂಕ ಕೊಡುವಾಗ ಅನ್ಯಾಯ ಆಗುತ್ತಿದೆಯೇನೋ ಅನ್ನಿಸುತ್ತದೆ.

ಉತ್ತರ: ನಿಮ್ಮ ತಂಡದ ಕೆಲಸ ಬರವಣಿಗೆ. ಆದರೆ ನೀವು ಮಾತು ಕೇಳಿ ಆಳನ್ನು ಆರಿಸಿದಿರಿ. ಎಡವಿದ್ದು ಅಲ್ಲೇ.

ಕೆಲಸಕ್ಕೆ ಜನರನ್ನು ಆರಿಸುವ ಬಗ್ಗೆ 85 ವರ್ಷಗಳಲ್ಲಿ ನಡೆದ ಸಂಶೋಧನೆಗಳನ್ನು ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಒಟ್ಟುಗೂಡಿಸಿ ನೋಡಿದರು. ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕಿಂತ, ಎಲ್ಲರಿಗೂ ಅದೇ ಪ್ರಶ್ನೆ ಕೇಳಿ ಅದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ ಹೆಚ್ಚು ನಂಬಿಕಸ್ಥ ಅಂತ ಕಂಡಿತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕವನ್ನು ಮತ್ತೆ ಪರೀಕ್ಷಿಸಿದರು. ಜನರನ್ನು ಆರಿಸುವ ಹಲವು ವಿಧಾನಗಳನ್ನು ಎಷ್ಟು ನಂಬಬಹುದು ಅನ್ನುವ ಅಂಕಿ ಇಳಿಯಿತು. ಆದರೂ ಹೀಗೆ ಕ್ರಮವಾಗಿ ನಡೆಸುವ ಸಂದರ್ಶನ ಎಲ್ಲಕ್ಕಿಂತ ಮೇಲೆ ನಿಂತಿತು.

ಹಾಗಾಗಿ ಹೀಗೆ ಮಾಡಿ. ಹಳೆಯ ದೂರುಗಳಲ್ಲಿ ಮೂರನ್ನು ಆರಿಸಿ, ಹೆಸರು ಅಳಿಸಿ ಇಟ್ಟುಕೊಳ್ಳಿ. ಎಲ್ಲ ಅಭ್ಯರ್ಥಿಗಳಿಂದಲೂ ಅವಕ್ಕೇ ಉತ್ತರ ಬರೆಸಿ. ಒಳ್ಳೆಯ ಉತ್ತರದಲ್ಲಿ ಏನೇನು ಇರಬೇಕು ಅನ್ನುವುದನ್ನು ಅಭ್ಯರ್ಥಿಯ ಮುಖ ನೋಡುವ ಮೊದಲೇ ಬರೆದಿಡಿ. ಇದು ಬಹಳ ಮುಖ್ಯ. ಆಮೇಲೆ ಬರೆಯಲು ಕೂತರೆ, ಇಷ್ಟವಾದವರಿಗೆ ಹೊಂದುವಂತೆ ಅಳತೆಯೇ ಬದಲಾಗಿಬಿಡುತ್ತದೆ. ಸಂದರ್ಶನಕ್ಕೆ ಇಬ್ಬರು ಕೂತರೆ, ಒಬ್ಬರಿಗೊಬ್ಬರು ಮಾತಾಡದೆ ಮೊದಲು ಅಂಕ ಹಾಕಿ.

ಎಐ ಬಳಸಿದರಾ ಅಂತ ಪತ್ತೇದಾರಿ ಮಾಡಲು ಹೋಗಬೇಡಿ. ಅದನ್ನು ಹಿಡಿಯುವ ಸಾಫ್ಟ್‌ವೇರ್‌ಗಳೂ ತಪ್ಪುತ್ತವೆ, ಸ್ವಂತವಾಗಿ ಬರೆದವರ ಮೇಲೆ ಸುಮ್ನೆ ಅಪವಾದ ಬರುತ್ತದೆ. ನಾಳೆ ಕೆಲಸಕ್ಕೆ ಬಂದ ಮೇಲೂ ಅವರು ಅದನ್ನು ಬಳಸುವವರೇ ಅಲ್ವಾ? ಎಐ ಬರೆದ ಒಂದು ಉತ್ತರ ತೆಗೆದುಕೊಂಡು ನೀವೇ ಎರಡು ತಪ್ಪು ಸೇರಿಸಿ. ಒಂದು ವಿಷಯದ ತಪ್ಪು, ಇನ್ನೊಂದು ಸಿಟ್ಟಾದ ಗ್ರಾಹಕರನ್ನು ಇನ್ನೂ ಕೆರಳಿಸುವಂಥ ಸಾಲು. ನಿಮ್ಮೆದುರು ಕೂತು ತಿದ್ದಲಿ. ಯಾಕೆ ತಿದ್ದಿದಿರಿ ಅಂತ ಕೇಳಿ. ಆ 'ಯಾಕೆ'ಗೆ ಬರುವ ಉತ್ತರದಲ್ಲಿ ಮನುಷ್ಯ ಕಾಣುತ್ತಾರೆ. ಅರ್ಧ ಗಂಟೆ ಸಾಕು. ದಿನಗಟ್ಟಲೆ ಕೆಲಸ ಕೊಡುವುದಾದರೆ ದುಡ್ಡು ಕೊಟ್ಟೇ ಮಾಡಿಸಿ.

ಮನೆಯಿಂದ ಕೆಲಸ ಮಾಡುವವರ ಬಗ್ಗೆ ನಿಮ್ಮ ಅನುಮಾನಕ್ಕೆ ಆಧಾರ ಇದೆ. ಚೀನಾದ ಸೀಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರ್‌ನಲ್ಲಿ ಒಂಬತ್ತು ತಿಂಗಳು ಒಂದು ಪ್ರಯೋಗ ನಡೆಯಿತು. ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಅದರ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಜಾಸ್ತಿ ಆಗಿತ್ತು. ಆದರೆ ಅಷ್ಟೇ ಕೆಲಸ ಮಾಡಿದ ಕಚೇರಿಯವರಿಗೆ ಹೋಲಿಸಿದರೆ ಬಡ್ತಿ ಕಡಿಮೆ ಸಿಕ್ಕಿತ್ತು. ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು.

ನಿಮ್ಮಲ್ಲಿ ಇದನ್ನು ತಡೆಯುವುದು ಕಷ್ಟವಲ್ಲ. ತಿಂಗಳಿಗೊಮ್ಮೆ ಒಬ್ಬೊಬ್ಬರ ಐದು ಉತ್ತರ ತೆಗೆದು, ಯಾರದೆಂದು ಗೊತ್ತಾಗದ ಹಾಗೆ ಹೆಸರು ಮುಚ್ಚಿ ಓದಿ, ಎರಡು ಸಾಲು ಬರೆದಿಡಿ. ವರ್ಷದ ಕೊನೆಗೆ ಆ ಪುಸ್ತಕ ತೆರೆದರೆ ಹನ್ನೆರಡು ತಿಂಗಳೂ ಸಿಗುತ್ತವೆ. ಇಲ್ಲದಿದ್ದರೆ ನೆನಪಿಗೆ ಬರುವುದು ಹಿಂದಿನ ವಾರ, ಪಕ್ಕದ ಕುರ್ಚಿ.

ಬಿಟ್ಟುಹೋದವರ ಬಗ್ಗೆಯೂ ಒಂದು ಮಾತು ಕೇಳುತ್ತೇನೆ. ಕೆಲಸ ಸರಿ ಹೋಗುತ್ತಿಲ್ಲ ಅಂತ ಅವರಿಗೆ ಮೊದಲು ಹೇಳಿದ್ದು ಯಾವಾಗ? ಹೊಸಬರು ಬಂದ ನಾಲ್ಕನೇ ವಾರಕ್ಕೇ ಅವರ ಮೂರು ಉತ್ತರ ಮುಂದಿಟ್ಟುಕೊಂಡು ಜೊತೆಗೆ ಕೂರಿ. ಯಾವ ಸಾಲು ಚೆನ್ನಾಗಿದೆ, ಯಾವುದನ್ನು ಬದಲಿಸಬೇಕು ಅಂತ ಬೆರಳಿಟ್ಟು ತೋರಿಸಿ.