ಮನೆಯಲ್ಲೇ ಟಾಮಹಾಕ್ ಕೊಡಲಿ ಮಾಡಲು ಯಾವ ಉಕ್ಕು ತೆಗೆದುಕೊಳ್ಳಬೇಕು? ಟಿಎಂಟಿ ಕಂಬಿ ಆಗುತ್ತಾ?

ಟಿಎಂಟಿ ಕಂಬಿ ಬೇಡ. ಬಡಿದರೆ ಕೊಡಲಿಯ ಆಕಾರ ಬರುತ್ತದೆ, ಆದರೆ ಬಾಯಿ ನಿಲ್ಲುವುದಿಲ್ಲ. ನಾಲ್ಕು ಏಟಿಗೆ ಮಡಚಿಕೊಳ್ಳುತ್ತದೆ.

ಮನೆ ಕಟ್ಟಿ ಉಳಿದ ಕಂಬಿ ಇದೆ, ಅಂಗಳದ ಮೂಲೆಯಲ್ಲಿ ಸಣ್ಣ ಕುಲುಮೆ ಮಾಡಿಕೊಂಡಿದ್ದೇನೆ, ಅದರಲ್ಲೇ ಆಗುತ್ತಾ ಅಂತ ಕೇಳಿದ್ದೀರಿ. ನಾನಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಅಡಿಕೆ ತೋಟ ನೋಡಿಕೊಳ್ಳುತ್ತಾ, ಬಿಡುವಿದ್ದಾಗ ಕಬ್ಬಿಣ ಬಡಿಯುತ್ತೇನೆ. ನಮ್ಮೂರ ಹಿರಿಯ ಆಚಾರಿಯೊಬ್ಬರ ಕೊಟ್ಟಿಗೆಯಲ್ಲಿ ತಿದಿ ಒತ್ತುತ್ತಾ ಕಲಿತದ್ದು. ನೀವೂ ಇದೇ ಕಡೆಯವರು ಅಂತ ಬರೆದಿದ್ದೀರಿ, ಹಾಗಾಗಿ ಇಲ್ಲಿ ಸಿಗುವ ಸಾಮಾನು ಇಟ್ಟುಕೊಂಡೇ ಹೇಳುತ್ತೇನೆ.

ಕಂಬಿ ಯಾಕೆ ಆಗುವುದಿಲ್ಲ ಅಂದರೆ ಅದರಲ್ಲಿ ಕಾರ್ಬನ್ ಕಡಿಮೆ. ಕಟ್ಟಡದ ಕಂಬಿಗೆ ಇರುವ ನಮ್ಮ ಭಾರತೀಯ ಮಾನಕ ಐಎಸ್ 1786 ಪ್ರಕಾರ ಎಫ್‌ಇ 500 ದರ್ಜೆಯ ಕಂಬಿಯಲ್ಲಿ ಕಾರ್ಬನ್ ಹೆಚ್ಚೆಂದರೆ ಶೇ. 0.30. ಅದರ ಹೊರಮೈ ಗಟ್ಟಿ ಇರುವುದು ಕಾರ್ಖಾನೆಯಲ್ಲಿ ಬಿಸಿ ಇರುವಾಗಲೇ ನೀರು ಹಾಯಿಸಿದ್ದರಿಂದ. ನೀವು ಕುಲುಮೆಗೆ ಇಟ್ಟ ಕೂಡಲೇ ಆ ಗಟ್ಟಿತನ ಹೋಯಿತು. ಕೊಡಲಿಯ ಬಾಯಿಗೆ ಶೇ. 0.5ರಿಂದ 0.7ರಷ್ಟು ಕಾರ್ಬನ್ ಇದ್ದರೆ ಒಳ್ಳೆಯದು. ಅದಕ್ಕಿಂತ ತುಂಬಾ ಜಾಸ್ತಿ ಇರುವ ಉಕ್ಕು ಏಟು ತಿನ್ನುವ ಕೆಲಸಕ್ಕೆ ಬೇಡ, ಚಕ್ಕೆ ಎದ್ದು ಹಾರುತ್ತದೆ. ಹಳೆಯ ಅರ ಇದೆ ಅಂತ ಅದನ್ನು ಕೊಡಲಿ ಮಾಡಲು ಹೋಗಬೇಡಿ.

ನಮಗೆ ಸುಲಭವಾಗಿ ಸಿಗುವುದು ಲಾರಿ, ಜೀಪಿನ ಲೀಫ್ ಪ್ಲೇಟು, ಅಂದರೆ ಗಾಡಿಯ ಕೆಳಗೆ ಸ್ಪ್ರಿಂಗಿನ ಹಾಗೆ ಬಗ್ಗುವ ಪಟ್ಟಿ. ಗುಜರಿ ಅಂಗಡಿಯಲ್ಲಿ ತೂಕಕ್ಕೆ ಕೊಡುತ್ತಾರೆ. ಸ್ಪ್ರಿಂಗ್ ಉಕ್ಕಿನಲ್ಲೇ ಅದು ಇಎನ್ 45 ಇರಬಹುದು, 5160ರ ಜಾತಿಯದ್ದು ಇರಬಹುದು, ನೋಡಿ ಹೇಳಲು ಬರುವುದಿಲ್ಲ. ಎರಡೂ ಕೊಡಲಿಗೆ ಚೆನ್ನಾಗಿಯೇ ಒದಗುತ್ತವೆ. ರೈಲು ಹಳಿಯ ಕ್ಲಿಪ್ಪು, ಹಳಿಯ ತುಂಡು ಮಾತ್ರ ಮುಟ್ಟಬೇಡಿ. ಮಂಜೇಶ್ವರ, ಕುಂಬಳೆ ಕಡೆ ಹಳಿ ಪಕ್ಕ ಬಿದ್ದಿರುವುದು ಕಂಡರೂ ಅದು ರೈಲ್ವೆಯ ಸೊತ್ತು, ಇಟ್ಟುಕೊಂಡರೇ ಅಪರಾಧ. ಮೇಲಾಗಿ ಆ ಕ್ಲಿಪ್ಪು ಹಳಿಯನ್ನು ಹಿಡಿದಿಡುವ ವಸ್ತು.

ಉಕ್ಕಿನ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಕೈಗೆ ಬಂದ ಆ ಒಂದು ತುಂಡನ್ನು ಪರೀಕ್ಷೆ ಮಾಡಿ. ಈ ಉತ್ತರದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ.

ಮೊದಲು ಬಿರುಕು ನೋಡಿ. ಪ್ಲೇಟು ವರ್ಷಗಟ್ಟಲೆ ಬಗ್ಗಿ ಎದ್ದು ದಣಿದಿರುತ್ತದೆ. ತುಕ್ಕು ಉಜ್ಜಿ ತೆಗೆದು, ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗಿನ ಎಣ್ಣೆ ಸುಣ್ಣಕ್ಕೆ ಬಂದು ಕೂದಲೆಳೆಯಂಥ ಗೆರೆ ಕಾಣುತ್ತದೆ. ಆ ಭಾಗ ಬಿಟ್ಟುಬಿಡಿ. ಮಧ್ಯದ ಬೋಲ್ಟಿನ ತೂತಿನ ಹತ್ತಿರ ಜಾಸ್ತಿ ಬಿರುಕಿರುತ್ತದೆ.

ಆಮೇಲೆ ಗ್ರೈಂಡರಿಗೆ ಹಿಡಿದು ಕಿಡಿ ನೋಡಿ. ಪಕ್ಕದಲ್ಲಿ ನಿಮ್ಮ ಟಿಎಂಟಿ ಕಂಬಿಯನ್ನೂ ಹಿಡಿದು ಹೋಲಿಸಿ. ಕಂಬಿಯ ಕಿಡಿ ಉದ್ದಕ್ಕೆ ಗೆರೆ ಎಳೆದ ಹಾಗೆ ಹೋಗುತ್ತದೆ. ಕಾರ್ಬನ್ ಇರುವ ಉಕ್ಕಿನ ಕಿಡಿ ದಾರಿಯಲ್ಲೇ ಸುರುಸುರು ಕಡ್ಡಿಯ ಹಾಗೆ ಕವಲೊಡೆದು ಸಿಡಿಯುತ್ತದೆ.

ಕೊನೆಗೆ ಬೆರಳಗಲ ತುಂಡು ಕತ್ತರಿಸಿ ಹದ ಕೊಟ್ಟು ಮುರಿಯಿರಿ. ಅಯಸ್ಕಾಂತ ಅಂಟದಷ್ಟು ಕಾಯಿಸಿ, ಬೆಚ್ಚಗಿನ ಎಣ್ಣೆಗೆ ಅದ್ದಿ. ತಣಿದ ಮೇಲೆ ಅರ ಹಾಕಿದರೆ ಗಾಜಿನ ಮೇಲೆ ಎಳೆದ ಹಾಗೆ ಜಾರಬೇಕು. ಕಚ್ಚಿದರೆ ಹದ ಹಿಡಿದಿಲ್ಲ. ಜಾರಿದರೆ ತುಂಡನ್ನು ವೈಸಿಗೆ ಕಟ್ಟಿ, ದಪ್ಪ ಬಟ್ಟೆ ಮುಚ್ಚಿ, ಕನ್ನಡಕ ಹಾಕಿಕೊಂಡು ಒಂದು ಏಟು ಕೊಡಿ. ಪಟ್ಟನೆ ಮುರಿಯುತ್ತದೆ. ಮುರಿದ ಜಾಗವನ್ನು ಬಿಸಿಲಿಗೆ ಹಿಡಿದು ನೋಡಿ. ಬೂದಿ ಬಣ್ಣಕ್ಕೆ ನುಣ್ಣಗೆ ಇದ್ದರೆ ಸರಿ. ಸಕ್ಕರೆ ಕಾಳಿನ ಹಾಗೆ ಮಿಣಮಿಣ ಅಂದರೆ ಜಾಸ್ತಿ ಕಾಯಿಸಿದ್ದೀರಿ. ಇನ್ನೊಂದು ತುಂಡು ತೆಗೆದು, ಕಾವು ಸ್ವಲ್ಪ ಇಳಿಸಿ ಮತ್ತೆ ಮಾಡಿ. ಎರಡು ಮೂರು ತುಂಡು ಮುರಿಯುವಷ್ಟರಲ್ಲಿ ಆ ಉಕ್ಕಿಗೆ ಎಷ್ಟು ಕಾವು ಬೇಕು ಅಂತ ಕಣ್ಣಿಗೆ ಗೊತ್ತಾಗಿರುತ್ತದೆ.

ಇದನ್ನು ಇಷ್ಟು ಉದ್ದಕ್ಕೆ ಬರೆಯಲು ಕಾರಣ ಇದೆ. ನನ್ನ ಮೊದಲ ಕೊಡಲಿಗೆ ನಾನು ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ಮೂರು ಭಾನುವಾರ ಕೂತು ಬಡಿದಿದ್ದೆ. ಮಳೆಗಾಲ, ಬಕೆಟಿನಲ್ಲಿ ತಣ್ಣನೆಯ ಬಾವಿ ನೀರು. ಕೆಂಪಗೆ ಕಾಯಿಸಿ ಪೂರ್ತಿ ಮುಳುಗಿಸಿದೆ. ಟಿಣ್ ಅಂತ ಒಂದು ಸಣ್ಣ ಸದ್ದು. ತೆಗೆದು ನೋಡಿದರೆ ಬಾಯಿಯಿಂದ ಕಣ್ಣಿನವರೆಗೆ, ಅಂದರೆ ಹಿಡಿ ಹಾಕುವ ತೂತಿನವರೆಗೆ, ಬಿರಿದಿತ್ತು. ಆಚಾರಿಯವರಿಗೆ ತೋರಿಸಿದೆ. "ಪ್ಲೇಟಿಗೆ ಎಣ್ಣೆ ಸಾಕಿತ್ತು. ಅಷ್ಟು ತಣ್ಣೀರಿಗೆ ಹಾಕಿದರೆ ಬಿರಿಯದೆ ಇರುತ್ತದಾ?" ಅಂದರು. ಆ ತುಂಡನ್ನು ಈಗಲೂ ಕುಲುಮೆಯ ಮೇಲೆ ನೇತು ಹಾಕಿದ್ದೇನೆ.

ಇನ್ನು ಮಾಡುವ ಕ್ರಮ. ಟಾಮಹಾಕ್ ಅನ್ನುವ ಹೆಸರು ಅಮೆರಿಕದ ಮೂಲ ಜನರ ಪೊವ್ಹಾಟನ್ ಭಾಷೆಯದ್ದು. ಅವರದ್ದು ಮೊದಲು ಕಲ್ಲಿನ ತಲೆ. ಯುರೋಪಿನ ವ್ಯಾಪಾರಿಗಳು ಬಂದ ಮೇಲೆ ಕಬ್ಬಿಣದ್ದಾಯಿತು. ನಮ್ಮ ಸೌದೆ ಕೊಡಲಿಗಿಂತ ಹಗುರ, ತಲೆ ಅರ್ಧ ಕಿಲೋದ ಆಸುಪಾಸು. ಹಿಡಿ ಸೇರಿಸುವ ರೀತಿಯೂ ಬೇರೆ. ಕಣ್ಣು ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಹಿಡಿಯನ್ನು ಮೇಲಿನಿಂದ ಇಳಿಸುತ್ತಾರೆ, ಬೀಸಿದಷ್ಟೂ ಬಿಗಿಯಾಗುತ್ತದೆ. ಅರ್ಥವಾಗಲಿಲ್ಲ ಅಂದರೆ ಮನೆಯ ಪಿಕ್ಕಾಸು ತೆಗೆದು ನೋಡಿ. ಅದೇ ಲೆಕ್ಕ.

ನಿಮ್ಮದು ಮೊದಲನೆಯದ್ದಾದರೆ ಹಳೆಯ ಬಾಲ್‌ಪೀನ್ (ಒಂದು ಬದಿ ಗುಂಡಗಿರುವ) ಸುತ್ತಿಗೆಯ ತಲೆಯಿಂದ ಶುರು ಮಾಡಿ. ಕಣ್ಣು ಸಿದ್ಧವಾಗಿಯೇ ಇರುತ್ತದೆ, ಒಳ್ಳೆಯ ಸುತ್ತಿಗೆ ಹದ ಹಿಡಿಯುವ ಉಕ್ಕಿನದ್ದೇ. ಒಂದು ಬದಿಯನ್ನು ಚಪ್ಪಟೆ ಮಾಡಿ ಬಾಯಿ ಎಳೆದರೆ ಆಯಿತು.

ನನಗೆ ಇಷ್ಟವಾದ ಕ್ರಮ ಬೇರೆ. 40 ಮಿಮೀ ಅಗಲ, 6 ಮಿಮೀ ದಪ್ಪದ ಮೆದು ಕಬ್ಬಿಣದ ಪಟ್ಟಿ, ಸುಮಾರು 28 ಸೆಂಮೀ ಉದ್ದ. ಅದನ್ನು ನಡುವಿನಲ್ಲಿ ಒಂದು ಮೊನಚು ಕಂಬಿಗೆ ಸುತ್ತಿ ಮಡಚುವುದು. ಮಡಚಿದ ಎರಡು ತುದಿಗಳ ನಡುವೆ ಪ್ಲೇಟಿನ ತುಂಡೊಂದನ್ನು ಇಟ್ಟು ಬೆಸೆಯುವುದು. ಕಣ್ಣು ಮೆದು, ಬಾಯಿ ಮಾತ್ರ ಉಕ್ಕು. ಕಣ್ಣು ಸುಲಭಕ್ಕೆ ಒಡೆಯುವುದಿಲ್ಲ. ನಮ್ಮ ಹಳೆಯ ಕತ್ತಿ, ಕೊಡಲಿಗಳನ್ನೂ ಹೀಗೆ ಬಾಯಿಗೆ ಉಕ್ಕು ಕೂರಿಸಿ ಮಾಡುತ್ತಿದ್ದರು. ಪೂರ್ತಿ ಪ್ಲೇಟನ್ನೇ ಮಡಚಿ ಅದಕ್ಕದೇ ಬೆಸೆಯಲು ಹೋದರೆ ಅದರಲ್ಲಿ 5160ರ ಹಾಗೆ ಕ್ರೋಮಿಯಂ ಇದ್ದರೆ ಬೆಸುಗೆ ಹಿಡಿಯುವುದು ಕಷ್ಟ.

ಬೆಸುಗೆಗೆ ಬಿಳಿಗಾರ (ಬೋರಾಕ್ಸ್) ಬೇಕು. ಕೆಂಪಗಾದಾಗ ಉದುರಿಸಿ, ಮತ್ತೆ ಕಾಯಿಸಿ. ಮೈಮೇಲೆ ತುಪ್ಪ ಸವರಿದ ಹಾಗೆ ಹೊಳೆಯುತ್ತಾ ಬಿಳಿ ಹಳದಿಗೆ ಬಂದಾಗ ತೆಗೆದು, ಜೋರಾಗಿ ಅಲ್ಲ, ಹಗುರಕ್ಕೆ ಬೇಗ ಬೇಗ ಬಡಿಯಿರಿ. ಬೆಂಕಿಯಲ್ಲೇ ಕಿಡಿ ಹಾರಿತು ಅಂದರೆ ಉಕ್ಕು ಸುಟ್ಟಿತು. ಆ ಭಾಗ ಕತ್ತರಿಸಿ ಎಸೆಯುವುದೊಂದೇ ದಾರಿ. ಬೆಂಕಿಗೆ ನಾನು ತೆಂಗಿನ ಗೆರಟೆಯ ಮಸಿ (ಇದ್ದಿಲು) ಹಾಕುತ್ತೇನೆ. ನಮ್ಮಲ್ಲಿ ಗೆರಟೆಗೆ ಬರವಿಲ್ಲ, ಕಾವೂ ಚೆನ್ನಾಗಿ ಏರುತ್ತದೆ. ಬಡಿಯುವಾಗ ಹಣ್ಣಡಿಕೆಯ ಬಣ್ಣ ಇರಲಿ. ಮಂದ ಕೆಂಪಿಗೆ ಇಳಿದರೆ ಸುತ್ತಿಗೆ ಕೆಳಗಿಡಿ, ತಣ್ಣಗಿನ ಉಕ್ಕಿಗೆ ಬಡಿದರೆ ಒಳಗೆ ಬಿರುಕು ಬೀಳುತ್ತದೆ.

ಆಕಾರ ಬಂದ ಮೇಲೆ ಅಯಸ್ಕಾಂತ ಬಿಡುವಷ್ಟು ಕಾಯಿಸಿ ಗಾಳಿಯಲ್ಲಿ ತಣಿಯಲು ಬಿಡಿ. ಹೀಗೆ ಮೂರು ಸಲ. ಜೋರು ಕಾವಿಗೆ ಒರಟಾದ ಉಕ್ಕಿನೊಳಗಿನ ಕಾಳು ಸಣ್ಣದಾಗುತ್ತದೆ. ಅರ ಹಾಕಿ ಬಾಯಿ ತಿದ್ದಿ, ಆದರೆ ಪೂರ್ತಿ ಚೂಪು ಮಾಡಬೇಡಿ. ಒಂದೂವರೆ ಮಿಮೀ ದಪ್ಪ ಉಳಿಸಿ.

ಹದ ಕೊಡುವುದನ್ನು ಮುಸ್ಸಂಜೆಗೆ ಇಟ್ಟುಕೊಳ್ಳಿ. ಬಿಸಿಲಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಅಯಸ್ಕಾಂತ ಬಿಡುವುದು ಸುಮಾರು 770 ಡಿಗ್ರಿಗೆ. ಅಲ್ಲಿಂದ ಇನ್ನೊಂದಿಷ್ಟು, ಸುಮಾರು 830ರ ಹತ್ತಿರ, ಕೆಂಪು ಗೇರುಹಣ್ಣಿನ ಬಣ್ಣಕ್ಕೆ ಬಂದಾಗ ಎಣ್ಣೆಗೆ ಅದ್ದಿ. ಎಣ್ಣೆ 50-60 ಡಿಗ್ರಿ ಬೆಚ್ಚಗಿರಲಿ. ಅಡುಗೆಯ ಪಾಮ್ ಎಣ್ಣೆ ಸಾಕು. ಹಳೆಯ ಇಂಜಿನ್ ಆಯಿಲ್‌ನ ಹೊಗೆ ಕೆಟ್ಟದ್ದು. ಪಾತ್ರೆ ಲೋಹದ್ದೇ ಇರಲಿ, ಪಕ್ಕದಲ್ಲಿ ಗಟ್ಟಿ ಮುಚ್ಚಳ ಇರಲಿ. ಬೆಂಕಿ ಹತ್ತಿಕೊಂಡರೆ ಮುಚ್ಚಬೇಕು, ನೀರು ಹಾಕಲೇಬಾರದು. ಪಾಲಿಸ್ಟರ್ ಅಂಗಿ, ಲುಂಗಿ ಬೇಡ. ಸತುವಿನ ಲೇಪ ಇರುವ ಕಬ್ಬಿಣವನ್ನು ಬೆಂಕಿಗೆ ಇಡಬೇಡಿ.

ಈಗ ಬಾಯಿ ಗಾಜಿನಷ್ಟು ಪೆಡಸು. ಆ ಪೆಡಸುತನವನ್ನು ಅದೇ ದಿನ ಇಳಿಸಬೇಕು. ಬಾಯಿಯ ಪಕ್ಕವನ್ನು ಮರಳು ಕಾಗದದಿಂದ ಬೆಳ್ಳಗೆ ಉಜ್ಜಿ. ಕಣ್ಣಿಗೆ ಸರಿಯಾಗುವ ಕಂಬಿಯನ್ನು ಕೆಂಪಗೆ ಕಾಯಿಸಿ ಕಣ್ಣಿನೊಳಗೆ ತೂರಿಸಿ, ಸುಮ್ನೆ ನೋಡುತ್ತಾ ಕೂರಿ. ಒಂದೆರಡು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಕಣ್ಣಿನ ಬದಿಯಿಂದ ಒಣಹುಲ್ಲಿನ ಬಣ್ಣ ತೆವಳಿ ಬರುತ್ತದೆ, ಅದರ ಹಿಂದೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಎಷ್ಟು ಸಲ ನೋಡಿದರೂ ನನಗೆ ಉಸಿರು ಬಿಗಿ ಹಿಡಿಯುತ್ತದೆ. ಬಾಯಿಯ ಅಂಚಿಗೆ ನೇರಳೆ ಮುಟ್ಟಿ ನೀಲಿ ಹಿಂದೆ ಬರುವಾಗ, ಅಂದರೆ 280-290ರ ಹತ್ತಿರ, ನೀರಿಗೆ ಅದ್ದಿ ನಿಲ್ಲಿಸಿ. ಕತ್ತಿಗಾದರೆ ಒಣಹುಲ್ಲಿನ ಬಣ್ಣ ಸಾಕಿತ್ತು. ಕೊಡಲಿ ಏಟು ತಿನ್ನುತ್ತದೆ, ಅದಕ್ಕೆ ಇನ್ನಷ್ಟು ಮೆದು ಬೇಕು. ನಾನು ಇದನ್ನೇ ಎರಡು ಸಲ ಮಾಡುತ್ತೇನೆ.

ಹಿಡಿಗೆ ಪೇರಳೆ ಅಥವಾ ಹುಣಸೆ ಮರ. ಹಸಿಯದ್ದು ಬೇಡ, ನೆರಳಲ್ಲಿ ಒಣಗಿಸಿದ್ದು. ಎಳೆ ನೇರ ಇರಲಿ, ಗಂಟು ಬೇಡ. 45 ಸೆಂಮೀ ಸಾಕು. ಮಳೆಗಾಲ ಶುರುವಾಗುವ ಮೊದಲು ತಲೆಗೆ ಎಣ್ಣೆ ಸವರಿಡಿ, ನಮ್ಮ ಹವೆಗೆ ಒಂದೇ ವಾರದಲ್ಲಿ ತುಕ್ಕು ಬರುತ್ತದೆ.

ಕಾನೂನಿನ ಒಂದು ಮಾತು. ಆಯುಧ ನಿಯಮಗಳಲ್ಲಿ ಯುದ್ಧದ ಕೊಡಲಿಯ ಹೆಸರೇ ಇದೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತೂ ಇದೆ. ಮನೆ, ಕೃಷಿ ಕೆಲಸದ ಹತ್ಯಾರಿಗೆ ಅದರಲ್ಲಿ ವಿನಾಯಿತಿ ಇದೆ. ಹಾಗಾಗಿ ಹಿಂಬದಿಗೆ ಮೊನೆ, ಅಲಂಕಾರದ ಮುಳ್ಳು ಏನೂ ಬೇಡ, ಚಪ್ಪಟೆ ಸುತ್ತಿಗೆ ಮುಖ ಬಿಡಿ. ತೋಟದ ಕೆಲಸಕ್ಕೆ ಬಳಸಿ, ಪೇಟೆಗೆ ಬಸ್ಸಿನಲ್ಲಿ ಒಯ್ಯಬೇಡಿ.

ಪ್ಲೇಟು ಸಿಕ್ಕಿದ ಮೇಲೆ ಹದ ಕೊಟ್ಟು ಮುರಿದ ತುಂಡಿನ ಫೋಟೋವನ್ನು ಹತ್ತಿರದಿಂದ, ಬಿಸಿಲಿನಲ್ಲಿ ತೆಗೆದು ಇಲ್ಲೇ ಹಾಕಿ. ಕಾಳು ನೋಡಿ ಕಾವು ಜಾಸ್ತಿಯಾಯಿತಾ ಅಂತ ಹೇಳುತ್ತೇನೆ.