ಶಿಕ್ಷೆ ಕೊಡುವುದು ಸೇಡಿಗೋ, ತಿದ್ದಲಿಕ್ಕೋ?

ಸೇಡು, ಹೆದರಿಕೆ, ಸುಧಾರಣೆ, ಇವುಗಳಲ್ಲಿ ನಮ್ಮ ಕೋರ್ಟುಗಳು ಯಾವುದಕ್ಕಾಗಿ ಶಿಕ್ಷೆ ಕೊಡುತ್ತವೆ ಅಂತ ಕೇಳಿದ್ದೀರಿ. ಮಂಗಳೂರಿನಲ್ಲಿ ವಕೀಲಿಕೆ ಮಾಡುವವಳು ನಾನು. ಒಂದು ಕೇಸಿನಿಂದಲೇ ಶುರು ಮಾಡುತ್ತೇನೆ.

ಬಜಪೆ ಕಡೆಯ ಅಜ್ಜಿಯೊಬ್ಬರ ಅಂಗಳದಿಂದ ಎರಡು ಗೋಣಿ ಚಾಲಿ, ಅಂದರೆ ಒಣಗಿಸಿದ, ಅಡಿಕೆ ಕಳವಾಗಿತ್ತು. ಸಿಕ್ಕಿಬಿದ್ದವನು 19ರ ಹುಡುಗ, ನನ್ನ ಕಕ್ಷಿದಾರ. ಸಾಕ್ಷಿ ಹೇಳಲು ಬಂದ ಅಜ್ಜಿ ಕೋರ್ಟಿನ ವರಾಂಡದಲ್ಲಿ ನನ್ನನ್ನೇ ಕೇಳಿದರು: "ಇವ ಜೈಲಿಗೆ ಹೋದ್ರೆ ನನ್ನ ಅಡಿಕೆ ದುಡ್ಡು ಯಾರು ಕೊಡ್ತಾರೆ ಮಗಾ?"

ಮಾಡಿದ್ದಕ್ಕೆ ತಕ್ಕಷ್ಟು ಅನುಭವಿಸಲಿ ಎನ್ನುವುದು ಪ್ರತೀಕಾರದ ವಾದ. ಅದನ್ನು ನಾನು ತಳ್ಳಿಹಾಕುವುದಿಲ್ಲ. ತಕ್ಕಷ್ಟು ಅಂದ ಮೇಲೆ ಅದಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲವಲ್ಲ. ಹೆದರಿಸುವ ವಾದದ ಬಗ್ಗೆ ಇಟಲಿಯ ನ್ಯಾಯಚಿಂತಕ ಬೆಕಾರಿಯಾ 1764ರಲ್ಲೇ ಬರೆದ: ಶಿಕ್ಷೆ ಘೋರವಾಗಿದ್ದರೆ ಸಾಲದು, ಖಚಿತವಾಗಿ, ಬೇಗ ಸಿಗಬೇಕು. ನಮ್ಮಲ್ಲಿ ಆಗುವುದು ತಿರುಗುಮುರುಗು. ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು, ಅಂದರೆ ತೀರ್ಪಿಗೆ ಮೊದಲೇ ಒಳಗಿರುವವರು. ಕೊಡಿಯಾಲಬೈಲಿನ ಜೈಲಿಗೆ ಕಕ್ಷಿದಾರರನ್ನು ನೋಡಲು ಹೋದಾಗಲೆಲ್ಲ ನನಗೆ ಈ ಮಾತು ಚುಚ್ಚುತ್ತದೆ. ಅಪಾಯಕಾರಿಗಳನ್ನು ಕೂಡಿಹಾಕಬೇಕು ಎನ್ನುವ ವಾದ ಅಡಿಕೆ ಕಳ್ಳನಿಗೆ ಹೊಂದುವಂಥದ್ದಲ್ಲ.

ಉಳಿದದ್ದು ಸುಧಾರಣೆ. ತಪ್ಪಿತಸ್ಥನನ್ನು ಜೈಲಿಗೆ ಹಾಕದೆ, ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡಲು ಅವಕಾಶ ಕೊಡುವುದು 1958ರ ಪ್ರೊಬೇಷನ್ ಕಾಯ್ದೆ. ಅದರ 6ನೇ ಕಲಂ ಪ್ರಕಾರ, 21 ತುಂಬದವರನ್ನು ಇಂಥ ಕೇಸಿನಲ್ಲಿ ಜೈಲಿಗೆ ಕಳಿಸುವುದಾದರೆ ನ್ಯಾಯಾಧೀಶರು ಕಾರಣ ಬರೆಯಲೇಬೇಕು. ತೀರ್ಪಿನ ದಿನ ನಮ್ಮ ಹುಡುಗನಿಗೆ 21 ತುಂಬಲು ಕೆಲವೇ ತಿಂಗಳಿತ್ತು. ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಂಡು, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಅಜ್ಜಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅದೇ ಕಾಯ್ದೆಯ 5ನೇ ಕಲಮಿನಲ್ಲಿ: ನಷ್ಟ ಪರಿಹಾರವನ್ನೂ ಅವನೇ ಕಟ್ಟಬೇಕೆಂದು ಆದೇಶವಾಯಿತು. ಅಜ್ಜಿ ನೋಟುಗಳನ್ನು ಎರಡು ಸಲ ಎಣಿಸಿ ಹುಡುಗನಿಗೆ ಹೇಳಿದರು, "ಕೆಲಸ ಕೇಳ್ಬೇಕಿತ್ತು. ಅಡಿಕೆ ಸುಲಿಯಲಿಕ್ಕೆ ಜನವೇ ಸಿಗುದಿಲ್ಲ."

ಎಲ್ಲ ವಾದಗಳೂ ಅಪರಾಧಿಯ ಸುತ್ತಲೇ ತಿರುಗುತ್ತವೆ, ಕಳೆದುಕೊಂಡವರು ಸಾಕ್ಷಿಗಳಾಗಿ ಬಂದು ಹೋಗುತ್ತಾರೆ. ನನ್ನ ತಕರಾರು ಇದೇ.

ಹಳೆಯ ಭಾರತೀಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಒಂದು ಶಿಕ್ಷೆ. ಕಳವಿನಲ್ಲಿ ಮೊದಲ ಸಲ ತಪ್ಪಿತಸ್ಥನಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಈ ಶಿಕ್ಷೆ ಕೊಡುತ್ತಾರೆ. ಆದರೆ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇರಬೇಕು. ಎರಡು ಗೋಣಿ ಅಡಿಕೆ ಆ ಮಿತಿಯನ್ನು ದಾಟುತ್ತದೆ. ಅಂಥ ಹುಡುಗರಿಗಾಗಿ ನಾವು ಇಂದಿಗೂ 1958ರ ಕಾಯ್ದೆಯನ್ನೇ ಹಿಡಿದು ವಾದಿಸುತ್ತಿದ್ದೇವೆ.