ಓದುಗರು ಕೇಳಿದ್ದು: ಸಣ್ಣ ವಿಮಾನ ಬಿದ್ರೆ ಕಾರಣ ಹುಡುಕೋದು ಹೆಂಗೆ?

ಪ್ರಶ್ನೆ: ನಮ್ಮೂರು ಗಿಣಿಗೇರಾ ಕಡೆ. ಅಲ್ಲಿ ಏರ್‌ಸ್ಟ್ರಿಪ್ ಐತಿ, ಆಗಾಗ ಸಣ್ಣ ವಿಮಾನ ಹೊಲದ ಮ್ಯಾಲೆ ಹಾದು ಹೋಗ್ತಾವ. ಚಾ ಅಂಗಡ್ಯಾಗ ಒಬ್ರು ಅಂದ್ರು, ಇಂಥಾವಕ್ಕ ಬ್ಲ್ಯಾಕ್ ಬಾಕ್ಸೇ ಇರಂಗಿಲ್ಲ, ಬಿದ್ರ ಕಾರಣ ಸಿಗಂಗಿಲ್ಲ, ಪೈಲಟ್ ಮ್ಯಾಲೆ ಹಾಕಿ ಫೈಲ್ ಮುಚ್ತಾರ ಅಂತ. ಖರೇ ಏನ್ರಿ?
– ಓದುಗರು, ಕೊಪ್ಪಳ ತಾಲ್ಲೂಕು

ಉತ್ತರ: ಅರ್ಧ ಖರೆ. ನಾಲ್ಕು ಸೀಟಿನ ಸೆಸ್ನಾ ತರದ್ದರಲ್ಲಿ ಸಾಮಾನ್ಯವಾಗಿ ಬ್ಲ್ಯಾಕ್ ಬಾಕ್ಸ್ ಇರಲ್ಲ (ಇರೋ ವಿಮಾನದಲ್ಲೂ ಅದು ಕಪ್ಪಲ್ಲ, ಕಿತ್ತಳೆ ಬಣ್ಣ). ಆದ್ರೆ ಕಾರಣ ಸಿಗಲ್ಲ ಅನ್ನೋದನ್ನ ಗಂಗಾವತಿ ರೈಸ್ ಮಿಲ್ಲಿನ ಹಳೇ ಫಿಟ್ಟರ್ ಮುಂದೆ ಹೇಳಿ ನೋಡಿ, ಮುರಿದ ಶಾಫ್ಟ್ ಕೈಗೆ ತಗೊಂಡು ಇದು ಇವತ್ತು ಮುರಿದಿದ್ದಲ್ಲ, ತಿಂಗಳಿಂದ ಸೀಳ್ತಾ ಬಂದಿದೆ ಅಂತಾನೆ. ವಿಮಾನದ ತನಿಖೆಯೂ ಅದೇ ಕಣ್ಣು, ಮೇಲೊಂದು ಮೈಕ್ರೋಸ್ಕೋಪ್ ಅಷ್ಟೇ. ಬೇಸಿಗೇಲಿ ಟಿಬಿ ಡ್ಯಾಂ ಹಿನ್ನೀರು ಇಳಿಯುವಾಗ ದಡದಲ್ಲಿ ಒಂದರ ಕೆಳಗೊಂದು ಗೆರೆ ಬಿಡುತ್ತಲ್ಲ, ನಿಧಾನಕ್ಕೆ ಸೀಳಿದ ಲೋಹದಲ್ಲೂ ಹಂಗೇ ಗೆರೆಗಳಿರ್ತವೆ. ಬಿದ್ದ ಹೊಡೆತಕ್ಕೆ ಒಮ್ಮೆಗೇ ಮುರಿದಿದ್ರೆ ಆ ಗೆರೆ ಇರಲ್ಲ.

ಮೊದಲು ನೋಡೋದು ಪ್ರೊಪೆಲರ್, ಅಂದ್ರೆ ಮುಂದೆ ತಿರುಗೋ ಫ್ಯಾನು (ಇಲ್ಲಿ ರೆಕ್ಕೆ ಅಂದ್ರೆ ಆ ಫ್ಯಾನಿನದು, ವಿಮಾನದ್ದಲ್ಲ). ಇಂಜಿನ್ ಪೂರ್ತಿ ಪವರ್‌ನಲ್ಲಿ ತಿರುಗ್ತಿದ್ರೆ ರೆಕ್ಕೆ ತುದಿ ಮುಂದಕ್ಕೆ ಸುರುಳಿ ಸುತ್ತಿಕೊಂಡಿರುತ್ತೆ, ಮೈಮೇಲೆ ಅಡ್ಡಡ್ಡ ಗೀರು ಬಿದ್ದಿರುತ್ತೆ, ನಿಂತುಬಿಟ್ಟಿದ್ರೆ ಒಂದು ರೆಕ್ಕೆ ಸುಮ್ನೆ ಹಿಂದಕ್ಕೆ ಬಾಗಿ ಇನ್ನೊಂದು ನೆಟ್ಟಗೇ ಉಳಿದಿರಬಹುದು. ನಮ್ಮ ಎರೆಹೊಲದಲ್ಲಿ ಬಿದ್ರೆ ಪ್ರೊಪೆಲರ್ ನೆಲ ಕೊಚ್ಚಿದ ಗುರುತೂ ಉಳಿಯುತ್ತೆ, ಅದರಲ್ಲೇ ಒಂದು ಲೆಕ್ಕ ಇದೆ ನೋಡಿ: ಎರಡು ರೆಕ್ಕೆಯದು ನಿಮಿಷಕ್ಕೆ 2400 ಸುತ್ತು ತಿರುಗ್ತಿದ್ರೆ ಸೆಕೆಂಡಿಗೆ 80 ಏಟು, ಏಟಿಂದ ಏಟಿಗೆ ಅರ್ಧ ಮೀಟರ್ ಅಂತರ ಇದ್ರೆ ಸೆಕೆಂಡಿಗೆ 40 ಮೀಟರ್, ಅಂದ್ರೆ ಗಂಟೆಗೆ 144 ಕಿಲೋಮೀಟರ್ ಸ್ಪೀಡು. ಸುತ್ತು ಎಷ್ಟು ಅಂತ ಗೊತ್ತಿದ್ರೆ ಟೇಪ್ ಹಿಡಿದು ಅಳೆದ್ರೆ ಸಾಕು!

ನನಗೆ ಎಲ್ಲಕ್ಕಿಂತ ಇಷ್ಟ ಬಲ್ಬಿನ ವಿಷಯ. ವಾರ್ನಿಂಗ್ ಲೈಟಿನ ಹಳೇ ಕಾಲದ ಬಲ್ಬಿನೊಳಗಿನ ತಂತಿ ಬೆಲ್ಲದ ಪಾಕ ಇದ್ದಂಗೆ, ಬಿಸಿ ಇದ್ದಾಗ ಎಳೆ ಎಳೆಯಾಗಿ ಜಗ್ಗುತ್ತೆ, ತಣ್ಣಗಿದ್ರೆ ಪಟ್ಟಂತ ಮುರಿಯುತ್ತೆ. ನೆಲಕ್ಕೆ ಬಡಿದ ಹೊತ್ತಲ್ಲಿ ಆ ಲೈಟು ಉರೀತಿತ್ತಾ ಇಲ್ವಾ ಅಂತ ತಂತಿ ನೋಡೇ ಹೇಳ್ತಾರೆ.

ಪೈಲಟ್ ತಪ್ಪು ಅಂತ ಬರೋ ವರದಿಗಳೂ ಬಹಳ ಇವೆ, ಅದೂ ನಿಜ, ಆದ್ರೆ ಇದೆಲ್ಲ ನೋಡಿದ ಮೇಲೇ ಬರ್ಬೇಕು.

ಪ್ರಶ್ನೆ: ನೋಡ್ದೋರು ಯಾವಾಗ್ಲೂ ಗಾಳೀಲೇ ಬೆಂಕಿ ಹತ್ತಿತ್ತು ಅಂತಾರಲ್ಲ, ನಂಬಬಹುದಾ?
– ಓದುಗರು, ಸಿಂಧನೂರು

ಉತ್ತರ: ಸುಳ್ಳು ಹೇಳ್ತಾರೆ ಅಂತಲ್ಲ, ಬಿದ್ದ ಮೇಲೆ ಎದ್ದ ಬೆಂಕಿ ನೆನಪಲ್ಲಿ ಹಿಂದಕ್ಕೆ ಸರಿದುಬಿಡುತ್ತೆ. ಹಾರುವಾಗ ಬೆಂಕಿ ಹತ್ತಿದ್ರೆ ಮಸಿ ಗಾಳಿ ಹೊಡೆತಕ್ಕೆ ಬಾಲದ ಕಡೆ ಉದ್ದಕ್ಕೆ ಎಳೆದಿರುತ್ತೆ, ನೆಲದ ಮೇಲಾದ್ರೆ ಮೇಲ್ಮುಖ ಹತ್ತಿರುತ್ತೆ. ಮಡಚಿದ ತಗಡು ಬಿಡಿಸಿದಾಗ ಒಳಗೆ ಮಸಿ ಇಲ್ದೆ ಕ್ಲೀನ್ ಇದ್ರೆ ಮೊದ್ಲು ಮಡಚಿದ್ದು, ಆಮೇಲೆ ಸುಟ್ಟಿದ್ದು. ಕಣ್ಣಿಗಿಂತ ಕಿವಿ ಸಾಕ್ಷಿ ವಾಸಿ ಅನ್ಸುತ್ತೆ ನನಗೆ, ಇಂಜಿನ್ ಸದ್ದು ಒಂದೇ ಸಮ ಇತ್ತಾ, ಕೆಮ್ತಿತ್ತಾ, ನಿಂತೇ ಹೋಗಿತ್ತಾ ಅಂತ ಹಳ್ಳಿಯವರು ಚೆನ್ನಾಗಿ ಹೇಳ್ತಾರೆ, ಪಂಪ್‌ಸೆಟ್ ಸದ್ದು ಕೇಳಿ ಬೆಳೆದ ಕಿವಿ ಅಲ್ವಾ.

ಪ್ರಶ್ನೆ: ನಟಿ ಸೌಂದರ್ಯ ತೀರಿಕೊಂಡಾಗ ತನಿಖೆ ಯಾರದ್ದು, ಈಗ ಯಾರದ್ದು? ಪೊಲೀಸರು ಮಾಡಲ್ವಾ?
– ಓದುಗರು, ಬಳ್ಳಾರಿ

ಉತ್ತರ: 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿಂದ ಎದ್ದ ಆ ಸೆಸ್ನಾ ಅಲ್ಲೇ ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿತ್ತು, ನಾಲ್ಕೂ ಜನ ಹೋದ್ರು. ಆಗ ಇಂಥ ತನಿಖೆ ಡಿಜಿಸಿಎ (ನಾಗರಿಕ ವಿಮಾನಯಾನ ನಿಯಂತ್ರಿಸೋ ಕೇಂದ್ರ ಸರ್ಕಾರದ ಸಂಸ್ಥೆ) ಕೈಲಿತ್ತು. ಲೈಸೆನ್ಸ್ ಕೊಡೋರೂ ಅವರೇ, ತನಿಖೆಯೂ ಅವರದ್ದೇ ಅಂದ್ರೆ ಹೆಂಗೆ ಅನ್ನೋ ಮಾತು ಇದ್ದೇ ಇತ್ತು. 2012ರಲ್ಲಿ ಎಎಐಬಿ, ಅಂದ್ರೆ ವಿಮಾನ ಅಪಘಾತ ತನಿಖಾ ಬ್ಯೂರೋ, ಅಂತ ಬೇರೆ ಸಂಸ್ಥೆ ಆಯ್ತು. ಅವರ ಕೆಲಸ ಯಾರನ್ನೂ ಜೈಲಿಗೆ ಹಾಕೋದಲ್ಲ, ಮುಂದೆ ಹಂಗಾಗದಂಗೆ ನೋಡೋದು. ಪೊಲೀಸರು ಕೇಸು, ಪೋಸ್ಟ್‌ಮಾರ್ಟಂ ಬೇರೆಯಾಗಿ ಮಾಡ್ತಾರೆ. ಅಂತರರಾಷ್ಟ್ರೀಯ ಪದ್ಧತಿ ಪ್ರಕಾರ ಪ್ರಾಥಮಿಕ ವರದಿ 30 ದಿನದಲ್ಲಿ ಬರ್ಬೇಕು, 2025ರ ಜೂನ್ 12ರ ಅಹಮದಾಬಾದ್ ದುರಂತದ್ದು ಜುಲೈ 12ಕ್ಕೆ ಬಂತಲ್ಲ ಹಂಗೆ.

ಪ್ರಶ್ನೆ: ಹೊಲದಾಗ ತುಂಡು ಬಿದ್ರ ಮನೀಗೆ ತಂದಿಟ್ಕೋಬಹುದಾ?
– ಓದುಗರು, ಲಿಂಗಸೂಗೂರು

ಉತ್ತರ: ಬ್ಯಾಡ್ರಿ. ಜನರ ಜೀವ ಉಳಿಸೋಕೆ ಏನು ಬೇಕಾದ್ರೂ ಸರಿಸಿ, ಉಳಿದದ್ದು ಮುಟ್ಟಬೇಡಿ. ವಿಮಾನ ಬಿದ್ದ ಜಾಗಕ್ಕಿಂತ ಒಂದು ಕಿಲೋಮೀಟರ್ ಹಿಂದೆ ನಿಮ್ಮ ಬದುವಿನ ಮೇಲೆ ಸಿಕ್ಕ ಅಂಗೈಯಷ್ಟು ತಗಡೇ ಮೊದ್ಲು ಕಳಚಿದ್ದಿರಬಹುದು. ಫೋಟೋ ತೆಗೆದು, ಜಾಗಕ್ಕೊಂದು ಕೋಲು ನೆಟ್ಟು, 112ಕ್ಕೆ ಫೋನ್ ಮಾಡಿ.